ಇನ್‌ಕೇಪಬಲ್: ಯಾವಾಗ ಬರೆಯಬೇಕು, ಯಾವಾಗ ಬೇಡ

ಜ್ವರ ಬಂದಿದೆ, ನಾಳೆ ಕಚೇರಿಗೆ ಹೋಗಲು ಆಗುವುದಿಲ್ಲ. ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಬೇಕು. ‘ಅಸಮರ್ಥ’ ಎಂಬುದಕ್ಕೆ ನಿಘಂಟಿನಲ್ಲಿ ‘ಇನ್‌ಕೇಪಬಲ್’ ಸಿಗುತ್ತದೆ. ‘ಐ ಆಮ್ ಇನ್‌ಕೇಪಬಲ್ ಟು ಕಮ್’ ಎಂದು ಬರೆದು ಕಳುಹಿಸಿದರೆ ಆ ಪುಟ್ಟ ವಾಕ್ಯದಲ್ಲಿ ಎರಡು ತಪ್ಪುಗಳಿರುತ್ತವೆ. ಒಂದು ವ್ಯಾಕರಣದ್ದು, ಓದಿದವರು ಅದನ್ನು ಮನ್ನಿಸಿಯಾರು. ಇನ್ನೊಂದು ಅರ್ಥದ್ದು. ರಜೆ ಕೇಳಲು ಹೊರಟವರು ‘ಬರುವ ಯೋಗ್ಯತೆಯೇ ನನಗಿಲ್ಲ’ ಎಂದು ತಮ್ಮ ಮೇಲೆ ತಾವೇ ಷರಾ ಬರೆದುಕೊಂಡಿರುತ್ತಾರೆ.

ತೊಡಕು ಶುರುವಾಗುವುದು ನಮ್ಮ ‘ಆಗುವುದಿಲ್ಲ’ದಿಂದ. ಬಸ್ ತಪ್ಪಿದರೂ ಆಗುವುದಿಲ್ಲ, ಮೊಣಕಾಲು ನೋಯುತ್ತಿದ್ದರೂ ಆಗುವುದಿಲ್ಲ, ಮನಸ್ಸಿಲ್ಲದಿದ್ದರೂ ಆಗುವುದಿಲ್ಲ. ‘ಬರಲಾರೆ’ ಎಂದರೂ ಅಷ್ಟೇ. ಶಕ್ತಿ ಇಲ್ಲವೋ ಇಷ್ಟವಿಲ್ಲವೋ ಎಂಬುದನ್ನು ಕೇಳಿದವರೇ ಊಹಿಸಿಕೊಳ್ಳಬೇಕು. ಇಂಗ್ಲಿಷ್ ಈ ಹೊರೆಯನ್ನು ನಾಲ್ಕೈದು ಪದಗಳಿಗೆ ಹಂಚಿದೆ. ಆದ್ದರಿಂದ ಪದ ಹುಡುಕುವ ಮೊದಲು ಅಡ್ಡಿ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಅದು ಹೊರಗಿನದೋ ಒಳಗಿನದೋ? ಇವತ್ತಿನದೋ, ಯಾವತ್ತಿನದೋ?

ಜ್ವರ, ಮಳೆ, ರೈಲು ತಡವಾದದ್ದು, ಕೈಯಲ್ಲಿ ಹಣವಿಲ್ಲದ್ದು ಇವೆಲ್ಲ ಸಂದರ್ಭದ ಅಡ್ಡಿಗಳು. ಇವಕ್ಕೆ ‘ಅನೇಬಲ್’ ಸಾಕು. ಸಂದರ್ಭ ಸರಿಹೋದರೆ ಕೆಲಸ ಆಗುತ್ತದೆ ಎಂಬ ಭರವಸೆ ಆ ಪದದಲ್ಲಿ ಉಳಿದಿರುತ್ತದೆ. ‘ಇನ್‌ಕೇಪಬಲ್’ ಹಾಗಲ್ಲ. ಅದು ವ್ಯಕ್ತಿಯ ಅಥವಾ ವಸ್ತುವಿನ ಗುಣದ ಬಗ್ಗೆ ಕೊಡುವ ತೀರ್ಪು. ಅದರ ಬೇರು ‘ಹಿಡಿ’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ‘ಕಪೇರೆ’. ಈ ಕೊಡದಲ್ಲಿ ಹತ್ತು ಲೀಟರ್ ಹಿಡಿಸುತ್ತದೆ ಎನ್ನುತ್ತೇವಲ್ಲ, ‘ಕೆಪಾಸಿಟಿ’ಯಲ್ಲಿರುವುದು ಆ ಅರ್ಥವೇ. ಇನ್‌ಕೇಪಬಲ್ ಎಂದರೆ ಆ ಮನುಷ್ಯನೊಳಗೆ ಆ ಕೆಲಸ ಹಿಡಿಸುವುದೇ ಇಲ್ಲ.

ಈ ವ್ಯತ್ಯಾಸ ತಿಳಿಯಲು ನಮ್ಮದೇ ಗಾದೆಯೊಂದಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆಕೆ ಹೇಳುತ್ತಿರುವುದು ‘ನಾನು ಅನೇಬಲ್, ನೆಲ ಸರಿಯಿಲ್ಲ’ ಎಂದು. ಗಾದೆ ಕಟ್ಟಿದವರು ನಗುತ್ತಿರುವುದು ‘ನೀನು ಇನ್‌ಕೇಪಬಲ್, ನೆಲ ಸರಿಯಾಗಿಯೇ ಇದೆ’ ಎಂದು. ಎರಡು ಪದಗಳ ನಡುವಿನ ಜಗಳ ಅಷ್ಟೇ. ಹಾಗಾಗಿ ಬೇರೆಯವರ ಬಗ್ಗೆ ‘ಇನ್‌ಕೇಪಬಲ್’ ಎಂದು ಬರೆಯುವ ಮುನ್ನ ನೆಲ ನಿಜಕ್ಕೂ ಡೊಂಕಿಲ್ಲವೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಪದ ಆರಿಸಿಕೊಂಡ ಮೇಲೆ ಜೋಡಣೆ. ‘ಅನೇಬಲ್’ ಆದ ಮೇಲೆ ‘ಟು’ ಬರುತ್ತದೆ, ಅದರ ಬೆನ್ನಿಗೆ ಕ್ರಿಯಾಪದದ ಮೂಲರೂಪ: ಅನೇಬಲ್ ಟು ಕಮ್. ‘ಇನ್‌ಕೇಪಬಲ್’ ಆದ ಮೇಲೆ ‘ಆಫ್’, ಆಮೇಲೆ ‘ಇಂಗ್’ ಹಚ್ಚಿದ ರೂಪ: ಇನ್‌ಕೇಪಬಲ್ ಆಫ್ ಡೂಯಿಂಗ್. ಅಡ್ಡದಾರಿ ಬೇಕಿದ್ದರೆ ಮೊದಲನೆಯದನ್ನು ‘ಬರಲು’ ಎಂದೂ ಎರಡನೆಯದನ್ನು ‘ಮಾಡುವ ಸಾಮರ್ಥ್ಯ’ ಎಂದೂ ನೆನಪಿಟ್ಟುಕೊಳ್ಳಬಹುದು. ನಾಮಪದದ ಹಿಂದೆ ನಿಲ್ಲಿಸುವಾಗಲೂ ಇವು ಬೇರೆ ಬೇರೆ. ‘ಆನ್ ಇನ್‌ಕೇಪಬಲ್ ಮ್ಯಾನೇಜರ್’ ನಡೆಯುತ್ತದೆ. ‘ಆನ್ ಅನೇಬಲ್ ಮ್ಯಾನೇಜರ್’ ಎಂದು ಯಾರೂ ಬರೆಯುವುದಿಲ್ಲ.

ಇಷ್ಟು ಓದಿ ಇನ್‌ಕೇಪಬಲ್ ಎಂದರೆ ಬರೀ ಬೈಗುಳ ಎಂದುಕೊಳ್ಳಬೇಡಿ. ‘ಷಿ ಈಸ್ ಇನ್‌ಕೇಪಬಲ್ ಆಫ್ ಲೈಯಿಂಗ್’ ಎನ್ನುವುದು ದೊಡ್ಡ ಹೊಗಳಿಕೆ: ಸುಳ್ಳು ಹೇಳುವುದು ಆಕೆಯ ಜಾಯಮಾನದಲ್ಲೇ ಇಲ್ಲ. ಇಲ್ಲಿ ‘ಅನೇಬಲ್’ ಹಾಕಿದರೆ, ಸುಳ್ಳು ಹೇಳಬೇಕೆಂದಿದ್ದಳು, ಪಾಪ, ಸಾಧ್ಯವಾಗಲಿಲ್ಲ ಎಂಬ ಅರ್ಥ ಇಣುಕುತ್ತದೆ. ಹೊಗಳಿಕೆ ಅಲ್ಲಿಗೆ ಮುಗಿಯಿತು.

ಇದೇ ಪದ ಕಾನೂನಿನ ಪುಸ್ತಕದಲ್ಲಿ ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. 1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಂನಲ್ಲಿ ಅದು ಬರುತ್ತದೆ. ಚಿತ್ತಸ್ವಾಸ್ಥ್ಯವಿಲ್ಲದ ಕಾರಣ ತಾನು ಮಾಡುತ್ತಿರುವುದೇನು, ಅದು ತಪ್ಪೋ ಸರಿಯೋ ಎಂದು ತಿಳಿಯಲು ‘ಇನ್‌ಕೇಪಬಲ್’ ಆದವನು ಆ ಸ್ಥಿತಿಯಲ್ಲಿ ಮಾಡಿದ್ದು ಅಪರಾಧವಾಗದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ರಕ್ಷಣೆ 22ನೇ ಕಲಂ ಆಗಿದೆ, ಪದ ಬದಲಾಗಿಲ್ಲ. 1861ರ ಪೊಲೀಸ್ ಕಾಯ್ದೆಯ 34ನೇ ಕಲಂ ಬೀದಿಯಲ್ಲಿ ಕುಡಿದು ಬಿದ್ದವರನ್ನೂ ತಮ್ಮನ್ನು ತಾವು ನೋಡಿಕೊಳ್ಳಲು ‘ಇನ್‌ಕೇಪಬಲ್’ ಆದವರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಕಾನೂನು ಅಳೆಯುವುದು ಆ ಹೊತ್ತಿನ ಸ್ಥಿತಿಯನ್ನು, ಮನುಷ್ಯನ ಯೋಗ್ಯತೆಯನ್ನಲ್ಲ.

‘ಇನ್‌ಕಾಂಪಿಟಂಟ್’ ವಿಷಯದಲ್ಲಿ ಈ ಅಂತರ ಇನ್ನೂ ಹೆಚ್ಚು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಯಕ್ಕೆ ಬರದವರು ಕರಾರು ಮಾಡಿಕೊಳ್ಳಲು ‘ಕಾಂಪಿಟಂಟ್’ ಅಲ್ಲ. ಹದಿನೇಳು ವರ್ಷದ ಹುಡುಗಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದಿದ್ದರೂ ಅಷ್ಟೇ. ಅವಳಿಗೆ ಇದರಿಂದ ಅವಮಾನವೇನೂ ಇಲ್ಲ. ಆದರೆ ಕಚೇರಿಯ ಟಿಪ್ಪಣಿಯಲ್ಲಿ ಸಹೋದ್ಯೋಗಿಯನ್ನು ‘ಇನ್‌ಕಾಂಪಿಟಂಟ್’ ಎಂದಿರೋ, ಅದು ನೇರ ಆರೋಪ: ಕೊಟ್ಟ ಹುದ್ದೆಗೆ ಬೇಕಾದ ಕೌಶಲ ಈತನಲ್ಲಿಲ್ಲ. ಯಾವ ಕೆಲಸ, ಯಾವ ದಿನ, ಏನು ಕೆಟ್ಟಿತು ಎಂದು ತೋರಿಸಲು ಕಡತದಲ್ಲಿ ಕಾಗದವಿಲ್ಲದಿದ್ದರೆ ಆ ಪದದ ತಂಟೆಗೆ ಹೋಗಬೇಡಿ. ‘ವರದಿ ಮೂರು ಬಾರಿ ತಡವಾಗಿದೆ’ ಎಂದು ನಡೆದದ್ದನ್ನಷ್ಟೇ ಬರೆಯಿರಿ. ತೀರ್ಪನ್ನು ಓದುವವರು ಕೊಡಲಿ. ಎಡವಟ್ಟು ಮಾಡುವವನಿಗೆ ‘ಇನೆಪ್ಟ್’ ಇದೆ. ಅದರಲ್ಲಿ ಸಿಟ್ಟಿಗಿಂತ ನಗೆ ಜಾಸ್ತಿ, ಕಚೇರಿ ಪತ್ರಕ್ಕೆ ಸಲ್ಲದು.

ಈ ಯಾವ ಪದವನ್ನೂ ಅಂಗವೈಕಲ್ಯ ಇರುವವರಿಗೆ ಅಂಟಿಸಬಾರದು. 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ, ಹೆಸರಿನಲ್ಲೇ ‘ಪರ್ಸನ್ಸ್ ವಿತ್ ಡಿಸೆಬಿಲಿಟೀಸ್’ ಎಂದು ವ್ಯಕ್ತಿಯನ್ನು ಮುಂದಿಟ್ಟಿದೆ. ಗಾಲಿಕುರ್ಚಿಯಲ್ಲಿ ಬಂದ ಅಭ್ಯರ್ಥಿ ಎರಡನೇ ಮಹಡಿಯ ಸಂದರ್ಶನಕ್ಕೆ ಹತ್ತಿ ಬರಲಾಗದಿದ್ದರೆ ಅಡ್ಡಿ ಇರುವುದು ಮೆಟ್ಟಿಲಿನಲ್ಲಿ, ಲಿಫ್ಟ್ ಇಲ್ಲದ ಕಟ್ಟಡದಲ್ಲಿ. ಆತನ ಬಗ್ಗೆ ‘ಇನ್‌ಕೇಪಬಲ್’ ಎಂದು ಬರೆದರೆ ಕಟ್ಟಡದ ದೋಷವನ್ನು ಮನುಷ್ಯನ ಖಾತೆಗೆ ಹಾಕಿದ ಹಾಗೆ.

ಉಚ್ಚಾರ ಬೇಗ ಮುಗಿಯುತ್ತದೆ: ಇನ್-ಕೇ-ಪಬಲ್, ಒತ್ತು ‘ಕೇ’ ಮೇಲೆ. ‘ಕೆಪಾಸಿಟಿ’ಯ ನೆನಪಿನಲ್ಲಿ ‘ಇನ್‌ಕ್ಯಾಪಬಲ್’ ಎನ್ನುವವರು ಬಹಳ.

ಕೊನೆಗೆ ನಾಮಪದ. ‘ಅನೇಬಲ್’ಗೆ ‘ಅನ್‌ಎಬಿಲಿಟಿ’ ಜೊತೆಯಾಗಬೇಕಿತ್ತು, ಆದರೆ ಇಂದಿನ ಇಂಗ್ಲಿಷಿನಲ್ಲಿ ಅದು ಬಳಕೆಯಲ್ಲಿಲ್ಲ. ಸರಿಯಾದ ರೂಪ ‘ಇನೆಬಿಲಿಟಿ’. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಿಗೆ ಈ ಪದ ಬಲು ಪ್ರಿಯ. ಸಮಾರಂಭಕ್ಕೆ ಕರೆದರೆ ಸಚಿವರು ಬರಲು ‘ಇನೆಬಿಲಿಟಿ’ಯನ್ನು ‘ಎಕ್ಸ್‌ಪ್ರೆಸ್’ ಮಾಡುತ್ತಾರೆ. ಕನ್ನಡ ಪತ್ರಿಕೆಯಲ್ಲಿ ಅದೇ ‘ಅಸಹಾಯಕತೆ ವ್ಯಕ್ತಪಡಿಸಿದರು’ ಎಂದಾಗುತ್ತದೆ. ಆಹ್ವಾನವನ್ನು ಮರ್ಯಾದೆಯಿಂದ ನಿರಾಕರಿಸಲು ಇದಕ್ಕಿಂತ ಅನುಕೂಲದ ಮಾತಿಲ್ಲ. ಬರಲು ಆಗುವುದಿಲ್ಲವೋ, ಮನಸ್ಸಿಲ್ಲವೋ ಎಂದು ಯಾರೂ ಮುಂದೆ ಕೇಳುವುದಿಲ್ಲ.