ನೆಲ್ಲಿನ ಗದ್ದೆಯಲ್ಲಿ ಇಲಿ ಹಿಡಿದದ್ದು, ಗೂಗಿ ಉಳಿಸಿಕೊಂಡದ್ದು

ನಮ್ಮದು ಗಂಗಾವತಿ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಆರು ಎಕರೆ ನೆಲ್ಲು ಬೆಳೆಯುತ್ತೇನೆ, ಹೆಚ್ಚಾಗಿ ಸೋನಾ ಮಸೂರಿ. ಗದ್ದೆಯ ಆಚೆಗೆ ಬಂಡೆಗುಡ್ಡ. ಅಲ್ಲಿ ಕೊಂಬಿನ ಗೂಬೆ ಇದೆ. ಊರಿನ ಹಳೇ ಗುಡಿಯಲ್ಲಿ ಬಿಳಿ ಮುಖದ ಕಣಜ ಗೂಬೆ ಇದೆ. ನಮ್ಮ ಕಡೆ ಎರಡಕ್ಕೂ ಗೂಗಿ ಎಂದೇ ಹೆಸರು.

ನಾಲ್ಕು ವರ್ಷದ ಹಿಂದೆ ಬೇಸಿಗೆ ಬೆಳೆಗೆ ಇಲಿ ವಿಪರೀತ ಬಿತ್ತು. ಇಲಿ ಕಡಿದ ತೆಂಡೆ, ಅಂದರೆ ನೆಲ್ಲಿನ ಬುಡದಿಂದ ಒಡೆದ ಕವಲು, ನೋಡಿದರೆ ಗೊತ್ತಾಗುತ್ತದೆ, ಕುಡುಗೋಲಿನಿಂದ ಓರೆಯಾಗಿ ಕೊಯ್ದ ಹಾಗಿರುತ್ತದೆ. ಅಂಚು ಬಿಟ್ಟು ಒಳಗೊಳಗೇ ತಿನ್ನುವುದರಿಂದ ಬದುವಿನ ಮೇಲೆ ನಿಂತವರಿಗೆ ಬೇಗ ಕಾಣುವುದಿಲ್ಲ. ನನಗೆ ಕಂಡಾಗ ಹೊಡೆ (ಇನ್ನೂ ಹೊರಬಾರದ ತೆನೆ) ತುಂಬಿತ್ತು, ಗದ್ದೆಯ ನಡುವೆ ಅಲ್ಲಲ್ಲಿ ಬೋಳಾಗಿತ್ತು. ಗಾಬರಿಯಲ್ಲಿ ಬ್ರೊಮಾಡಿಯೋಲೋನ್ ಎಂಬ ಇಲಿ ಮದ್ದಿನ ಬಿಲ್ಲೆ ತಂದು ಬದುವಿನ ಉದ್ದಕ್ಕೂ ಚೆಲ್ಲಿದೆ. ಐದಾರು ದಿನಕ್ಕೆ ಇಲಿಗಳು ಹಗಲಲ್ಲೇ ತೂರಾಡುತ್ತಾ ಹೊರಗೆ ಬಂದವು. ಖುಷಿಪಟ್ಟೆ. ಎಂಟನೇ ದಿನ ಬೇವಿನ ಮರದ ಕೆಳಗೆ ಗೂಗಿ ಸತ್ತು ಬಿದ್ದಿತ್ತು. ಮೈಮೇಲೆ ಒಂದೂ ಗಾಯವಿಲ್ಲ, ಕೊಕ್ಕಿನ ಹತ್ತಿರ ರಕ್ತ.

ಈ ಮದ್ದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ. ಗೂಗಿಗೆ, ಕೇರೆ ಹಾವಿಗೆ, ಮುಂಗುಸಿಗೆ ಅದೇ ಸುಲಭದ ಬೇಟೆ. ವಿಷ ಇಲಿಯ ಮೈಯಲ್ಲಿ ಉಳಿದಿರುತ್ತದೆ, ತಿಂದವರ ಮೈಗೆ ಹೋಗುತ್ತದೆ. ಆ ಗೂಗಿಯನ್ನು ಕೊಂದದ್ದು ನಾನೇ ಎಂದು ಇವತ್ತಿಗೂ ನನ್ನ ಮನಸ್ಸು ಹೇಳುತ್ತದೆ. ಮುಂದಿನ ಬೆಳೆಗೆ ಇಲಿ ಮತ್ತೆ ಬಂದವು. ಗೂಗಿ ಬರಲಿಲ್ಲ.

ಆ ವರ್ಷ ಇಲಿ ಹಿಡಿಯುವ ಒಬ್ಬ ಅಜ್ಜನನ್ನು ಕರೆಸಿದೆ. ಅವರು ಮೊದಲ ದಿನ ಒಂದು ಇಲಿಯನ್ನೂ ಹಿಡಿಯಲಿಲ್ಲ, ಸುಮ್ನೆ ಬದು ಸುತ್ತಿದರು. ಒಂದು ಬಿಲ ತೋರಿಸಿ, "ತಮ್ಮಾ, ಇದು ಖಾಲಿ ಐತಿ. ಇದಕ್ಕ ಯಾಕ ಮದ್ದು ಇಡ್ತಿ?" ಎಂದರು. ಬಾಯಲ್ಲಿ ಜೇಡರ ಬಲೆ ಇತ್ತು. ನಾನು ನೋಡಿಯೇ ಇರಲಿಲ್ಲ.

ಅವರು ಕಲಿಸಿದ್ದು ಇಷ್ಟು. ಸಂಜೆ ಎಲ್ಲ ಬಿಲಗಳನ್ನೂ ಹಸಿ ಮಣ್ಣಿನಿಂದ ಮುಚ್ಚಬೇಕು. ಬೆಳಿಗ್ಗೆ ಯಾವುದು ತೆರೆದಿದೆಯೋ, ಯಾವುದರ ಬಾಯಲ್ಲಿ ಹೊಸ ಮಣ್ಣಿನ ಗುಪ್ಪೆ ಇದೆಯೋ ಅದರಲ್ಲಿ ಮಾತ್ರ ಇಲಿ ಇದೆ. ಗದ್ದೆ ಹೆಗ್ಗಣ ಒಳಗಿನಿಂದ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ, ಹೊರಗೆ ಪುಡಿ ಮಣ್ಣಿನ ರಾಶಿ ಬಿಟ್ಟಿರುತ್ತದೆ. ಬಾಯಿ ನುಣ್ಣಗಾಗಿ ಸವೆದು, ಹತ್ತಿರ ಪೊರೆ ಬಿದ್ದಿದ್ದರೆ ಅಲ್ಲಿ ಹಾವು ಸೇರಿದೆ ಎಂದರ್ಥ. ಹಾವು ಇಲಿಯ ಹಳೇ ಬಿಲದಲ್ಲೇ ಇರುತ್ತದೆ. ಅದನ್ನು ಮುಟ್ಟುವುದಿಲ್ಲ. ಒಮ್ಮೆ ನಾನು ಬಿಲಕ್ಕೆ ಹುಲ್ಲಿನ ಹೊಗೆ ಹಾಕುತ್ತಿದ್ದಾಗ ಉದ್ದನೆಯ ಕೇರೆ ಹೊರಗೆ ಬಂತು. ಕೂಲಿಗೆ ಬಂದ ಹುಡುಗ ಕೋಲು ಎತ್ತಿದ. ಕೈ ಹಿಡಿದು ನಿಲ್ಲಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವು, ಗೂಬೆ, ಮುಂಗುಸಿ, ಉಡ ಇವನ್ನು ಕೊಲ್ಲುವುದು, ಹಿಡಿಯುವುದು ಅಪರಾಧ. ಕಾಯ್ದೆ ಇರದಿದ್ದರೂ ನಾನು ನಿಲ್ಲಿಸುತ್ತಿದ್ದೆ. ಕೂಲಿ ಕೇಳದೆ ಇಲಿ ಹಿಡಿಯುವವರನ್ನು ಯಾರಾದರೂ ಹೊಡೆಯುತ್ತಾರಾ?

ಎಲ್ಲಕ್ಕಿಂತ ಜಾಸ್ತಿ ಲಾಭ ಕೊಟ್ಟಿದ್ದು ಬದು ಸಣ್ಣದು ಮಾಡಿದ್ದು. ನಮ್ಮಪ್ಪನ ಕಾಲದ ಬದುಗಳು ಎರಡೂವರೆ ಅಡಿ ಅಗಲ ಇದ್ದವು. ದಪ್ಪ ಬದು ಇದ್ದರೆ ಹೆಗ್ಗಣಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಒಂದು ಅಡಿಗಿಂತ ಕಡಿಮೆ ಮಾಡಿದರೆ ಮರಿ ಹಾಕುವಷ್ಟು ಜಾಗ ಸಿಗುವುದಿಲ್ಲ. ಓಡಾಡಲು ಒಂದೇ ಬದು ಅಗಲ ಬಿಟ್ಟು ಉಳಿದದ್ದು ಕೆತ್ತಿಸಿದೆ, ಹುಲ್ಲು ತೆಗೆಸಿದೆ.

ಆಮೇಲೆ ಹೊತ್ತು. ಹೆಗ್ಗಣ ಮರಿ ಹಾಕುವುದು ಹೊಡೆ, ತೆನೆಯ ಕಾಲದಲ್ಲಿ ಜಾಸ್ತಿ. ಆಗ ಹಿಡಿಯಲು ಹೊರಟರೆ ತಡವಾಯಿತು. ನಾಟಿಯಾದ ಮೊದಲ ತಿಂಗಳಲ್ಲಿ ಒಂದು ಹೆಣ್ಣು ಹಿಡಿದರೆ ಮುಂದಿನ ಮರಿಗಳೆಲ್ಲ ತಪ್ಪುತ್ತವೆ. ಅಜ್ಜನ ಬಿದಿರು ಬೋನುಗಳನ್ನು ಆಗಲೇ ಇಡುತ್ತೇವೆ. ಬೆಳಗಾಗುವ ಮೊದಲೇ ಹೋಗಿ ನೋಡಬೇಕು, ಬೇರೆ ಜೀವ ಸಿಕ್ಕಿದ್ದರೆ ಬಿಡಿಸಬೇಕು. ಅಂಟಿನ ಹಲಗೆಯನ್ನು ಮಾತ್ರ ಮನೆಯ ಕಣಜದ ಹತ್ತಿರವೂ ಇಡುವುದಿಲ್ಲ. ಅದಕ್ಕೆ ಹಲ್ಲಿಯೂ ಗುಬ್ಬಿಯೂ ಒಂದೇ.

ಮದ್ದು ಪೂರ್ತಿ ಬಿಟ್ಟಿದ್ದೇನೆ ಎಂದರೆ ಸುಳ್ಳಾಗುತ್ತದೆ. ಬೋನಿಗೆ ಬಗ್ಗದ ವರ್ಷ ಸತುವಿನ ಫಾಸ್ಫೈಡ್, ಅದೇ ಇಲಿ ಪಾಷಾಣ, ಬಳಸುತ್ತೇನೆ. ಎರಡು ದಿನ ಎಣ್ಣೆ ಕಲಸಿದ ಬರೀ ನುಚ್ಚು ಇಟ್ಟು ರೂಢಿ ಮಾಡಿಸಬೇಕು, ಇಲ್ಲದಿದ್ದರೆ ಅನುಮಾನ ಪಟ್ಟು ಮುಟ್ಟುವುದೇ ಇಲ್ಲ. ಮೂರನೇ ದಿನ 96 ಪಾಲು ನುಚ್ಚು, 2 ಪಾಲು ಎಣ್ಣೆ, 2 ಪಾಲು ಪಾಷಾಣ. ಕೈಗವಸು ಹಾಕಿ ಕೋಲಿನಿಂದ ಕಲಸಬೇಕು. ಇದಕ್ಕೆ ಪ್ರತಿವಿಷ ಇಲ್ಲ, ಮಕ್ಕಳು ಹತ್ತಿರ ಸುಳಿಯಬಾರದು. ಕಾಗದದಲ್ಲಿ ಪೊಟ್ಟಣ ಕಟ್ಟಿ ಇಲಿ ಇರುವ ಬಿಲದ ಒಳಗೇ ತಳ್ಳಿ ಮಣ್ಣು ಮುಚ್ಚುತ್ತೇನೆ. ಬದುವಿನ ಮೇಲೆ ಒಂದು ಕಾಳೂ ಉಳಿಯಬಾರದು, ನವಿಲು, ಕೌಜುಗ ಮೊದಲು ಬಂದು ಹೆಕ್ಕುತ್ತವೆ. ಮೇಲೆ ಸತ್ತು ಬಿದ್ದ ಇಲಿಗಳನ್ನು ಬೆಳಿಗ್ಗೆಯೇ ಆರಿಸಿ ಆಳವಾಗಿ ಹೂಳುತ್ತೇನೆ. ಈ ಕೆಲಸಕ್ಕೆ ಬೇಜಾರು ಮಾಡಿಕೊಳ್ಳಬಾರದು.

ನಾನೊಬ್ಬನೇ ಮಾಡಿದ ವರ್ಷ ಪಕ್ಕದ ಗದ್ದೆಯಿಂದ ಹದಿನೈದು ದಿನಕ್ಕೆ ಇಲಿ ಮತ್ತೆ ತುಂಬಿಕೊಂಡವು. ಈಗ ಐದು ಮನೆಯವರು ಒಂದೇ ಸಂಜೆ ಬಿಲ ಮುಚ್ಚುತ್ತೇವೆ.

ಗೂಗಿ ಬಂದು ಕೂರಲಿ ಎಂದು ಗದ್ದೆಯಲ್ಲಿ ಹತ್ತು ಅಡಿ ಎತ್ತರದ ಕೋಲುಗಳಿಗೆ ಅಡ್ಡಪಟ್ಟಿ ಹೊಡೆದು ನೆಟ್ಟಿದ್ದೇನೆ. ಮರದ ಪೆಟ್ಟಿಗೆಯ ಗೂಡೊಂದನ್ನೂ ಕಟ್ಟಿದ್ದೆ, ಎರಡು ವರ್ಷವಾದರೂ ಖಾಲಿ. ಆದರೆ ಹೋದ ಬೇಸಿಗೆಯಲ್ಲಿ ಕಾಲುವೆ ಕಡೆಯ ಕೋಲಿನ ಬುಡದಲ್ಲಿ ಕಪ್ಪು ಉಂಡೆ ಸಿಕ್ಕಿತು. ಗೂಗಿ ತಿಂದು ಅರಗದ್ದನ್ನು ಹೀಗೆ ಉಗುಳುತ್ತದೆ. ನೀರಲ್ಲಿ ನೆನೆಸಿ ಬಿಡಿಸಿದೆ. ಕೂದಲಿನ ನಡುವೆ ಮೂರು ಇಲಿ ತಲೆಬುರುಡೆ ಇದ್ದವು. ಅವನ್ನು ತೊಳೆದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದೇನೆ, ಬದುವಿನ ಮೇಲೆ ಬಿಲ್ಲೆ ಚೆಲ್ಲಲು ಹೊರಟವರಿಗೆ ತೋರಿಸುತ್ತೇನೆ.