ಎರಡೂ ಕಾಲಿನ ಹೊಡೆತ: ಸನ್ ಹ್ಯುಂಗ್-ಮಿನ್ ಶಾಟ್ ಅನ್ನು ನಮ್ಮೂರ ಮೈದಾನದಲ್ಲಿ ಕಲಿಯುವ ಬಗೆ

2021-22ರ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಟಾಟನ್‌ಹ್ಯಾಮ್ ತಂಡದ ದಕ್ಷಿಣ ಕೊರಿಯಾದ ಫುಟ್‌ಬಾಲ್ ಆಟಗಾರ ಸನ್ ಹ್ಯುಂಗ್-ಮಿನ್ 23 ಗೋಲು ಹೊಡೆದು, ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಪ್ರಶಸ್ತಿಯನ್ನು ಲಿವರ್‌ಪೂಲ್‌ನ ಮೊಹಮದ್ ಸಲಾ ಜೊತೆ ಹಂಚಿಕೊಂಡರು. ಅದರಲ್ಲಿ ಒಂದೂ ಪೆನಾಲ್ಟಿ ಇರಲಿಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಎಡಗಾಲಿನವು. ಸನ್ ಮೂಲತಃ ಬಲಗಾಲಿನ ಆಟಗಾರ. ಮಂಗಳೂರಿನ ನೆಹರೂ ಮೈದಾನದಲ್ಲೋ ಉಡುಪಿಯ ಅಜ್ಜರಕಾಡಿನಲ್ಲೋ ಆಡುವ ಮಕ್ಕಳಿಗೆ ಅವರ ಓಟದ ವೇಗ ಬರಲಿಕ್ಕಿಲ್ಲ. ಆ ಎಡಗಾಲು ಮಾತ್ರ ಬರಬಹುದು, ಏಕೆಂದರೆ ಅದು ಪೂರ್ತಿ ಅಭ್ಯಾಸದ ಫಲ.

ಅವರ ತಂದೆ ಸನ್ ವೂಂಗ್-ಜಂಗ್ ಕೂಡ ವೃತ್ತಿಪರ ಆಟಗಾರ, ಗಾಯದಿಂದಾಗಿ ಬೇಗ ಆಟ ಬಿಟ್ಟವರು. ಮಗನಿಗೆ ಪಂದ್ಯ ಆಡಿಸುವುದಕ್ಕೆ ಮೊದಲು ವರ್ಷಗಟ್ಟಲೆ ಬಾಲ್ ಮೇಲಿನ ಹಿಡಿತವನ್ನೇ ಕಲಿಸಿದರು. ದಿನಕ್ಕೆ ಬಲಗಾಲಿನಲ್ಲಿ 500, ಎಡಗಾಲಿನಲ್ಲಿ 500 ಶಾಟ್ ಎಂಬ ಪ್ರಸಿದ್ಧ ಲೆಕ್ಕ ಅವರದೇ. ಅದನ್ನು ಕೇಳಿ 13 ವರ್ಷದ ಹುಡುಗನಿಗೆ ಸಾವಿರ ಹೊಡೆತ ಹಾಕಿಸಬೇಡಿ. ಬೆಳೆಯುವ ವಯಸ್ಸಿನಲ್ಲಿ ಮಂಡಿ ಚಿಪ್ಪಿನ ಕೆಳಗಿನ ಎಲುಬಿನ ಉಬ್ಬು ನೋಯತೊಡಗುತ್ತದೆ, ತೊಡೆಸಂದಿಯ ಸ್ನಾಯು ಹಿಡಿದುಕೊಳ್ಳುತ್ತದೆ. ವಾರಕ್ಕೆ ನಾಲ್ಕು ದಿನ, ಕಾಲಿಗೆ 40ರಂತೆ ಸಾಕು. ಮಂಡಿಯ ಕೆಳಗೆ ಒತ್ತಿದರೆ ನೋವಿದೆ ಎಂದಾದರೆ ಆ ವಾರ ಶಾಟ್ ಬೇಡ, ಬರೀ ಜಗ್ಲಿಂಗ್ (ಬಾಲ್ ನೆಲಕ್ಕೆ ಬೀಳದಂತೆ ಕಾಲಿನಲ್ಲಿ ಮೆಲ್ಲಗೆ ತಟ್ಟುತ್ತಿರುವುದು) ಮಾಡಿಸಿ. ನೋವು ಹಾಗೇ ಉಳಿದರೆ ಡಾಕ್ಟರಿಗೆ ತೋರಿಸಿ.

ಬಾಲ್ 12 ವರ್ಷದೊಳಗಿನವರಿಗೆ 4ನೇ ಸೈಜ್, ಮೇಲಿನವರಿಗೆ 5ನೇ ಸೈಜ್ (410ರಿಂದ 450 ಗ್ರಾಂ). ಕೆಂಪು ಮಣ್ಣು, ಮುರಕಲ್ಲಿನ ಚೂರು ಇರುವ ನೆಲದಲ್ಲಿ ನುಣುಪಾದ ದುಬಾರಿ ಬಾಲ್ ಬೇಗ ಸವೆಯುತ್ತದೆ. ದಿನದ ಅಭ್ಯಾಸಕ್ಕೆ ರಬ್ಬರಿನ ಅಚ್ಚಿನ ಬಾಲ್ ಒಳ್ಳೆಯದು. ಗಾಳಿ ಕಲ್ಲಿನಂತೆ ಗಟ್ಟಿಯಾಗುವಷ್ಟು ತುಂಬಿಸಬೇಡಿ, ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು. ಬೇಸಿಗೆಯ ಗಟ್ಟಿ ನೆಲಕ್ಕೆ ಸಣ್ಣ ರಬ್ಬರ್ ಗುಂಡಿಗಳ ಟರ್ಫ್ ಶೂ ಹಾಕಿ. ಬೂಟಿನ ಅಡಿಯ ಉದ್ದ ಸ್ಟಡ್ (ಮೊಳೆಯಂಥ ಗುಂಡಿ) ಅಲ್ಲಿ ನೆಲಕ್ಕೆ ಇಳಿಯುವುದಿಲ್ಲ, ಹಿಮ್ಮಡಿ ನೋಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸ್ಟಡ್ ಬೂಟ್ ಬೇಕೇ ಬೇಕು.

ನೆಟ್ ಇಲ್ಲವೆಂದರೆ ಮಲ್ಪೆ ಕಡೆ ಮೀನುಗಾರರು ಬಿಟ್ಟ ಹಳೆ ಬಲೆ ಸಿಗುತ್ತದೆಯೇ ಕೇಳಿ. ಕಣ್ಣು ದೊಡ್ಡದಿರುವುದನ್ನೇ ಆರಿಸಿ, ಸಣ್ಣ ಕಣ್ಣಿನ ಬಲೆ ಕಡಲ ಗಾಳಿಗೆ ಪೋಸ್ಟನ್ನೇ ಎಳೆಯುತ್ತದೆ. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಎರಡೂ ಪೋಸ್ಟ್‌ನಿಂದ ಒಳಕ್ಕೆ 1 ಮೀಟರ್ ಬಿಟ್ಟು ಮೇಲಿನ ಕಂಬಿಯಿಂದ ಒಂದೊಂದು ಹಗ್ಗ ಇಳಿಬಿಡಿ. ಪೋಸ್ಟ್ ಮತ್ತು ಹಗ್ಗದ ನಡುವೆ ಬಿದ್ದದ್ದಷ್ಟೇ ಲೆಕ್ಕಕ್ಕೆ. ನಡುವೆ ಹೋದದ್ದು ಗೋಲಾದರೂ ಎಣಿಸಬೇಡಿ.

ಈಗ ಹೊಡೆತಕ್ಕೆ ಬರೋಣ. ಗೋಲಿನ ಮುಂದಿನ ದೊಡ್ಡ ಆಯತ, ಅಂದರೆ ಪೆನಾಲ್ಟಿ ಬಾಕ್ಸ್‌ನ ಎಡ ಮತ್ತು ಬಲ ಮೂಲೆಗಳ ಆಸುಪಾಸಿಗೆ ಕೊರಿಯಾದ ಅಭಿಮಾನಿಗಳು 'ಸನ್ ಝೋನ್' ಎಂದೇ ಹೆಸರಿಟ್ಟಿದ್ದಾರೆ. ಎಡ ಮೂಲೆಯಿಂದ ಬಲಗಾಲು, ಬಲ ಮೂಲೆಯಿಂದ ಎಡಗಾಲು, ಗುರಿ ಯಾವಾಗಲೂ ದೂರದ ಪೋಸ್ಟ್. ಗೋಲ್ ಲೈನ್‌ನಿಂದ 16.5 ಮೀಟರ್ ಅಳೆದು ಸುಣ್ಣದ ಪುಡಿಯಲ್ಲಿ ಎರಡೂ ಮೂಲೆ ಗುರುತಿಸಿ, ಪ್ರತಿದಿನ ಅದೇ ಜಾಗದಿಂದ ಹೊಡೆಯಿರಿ. ಜಾಗ ಬದಲಿಸುತ್ತಾ ಹೋದರೆ ತಪ್ಪಿದ್ದು ಕಾಲಿನಿಂದಲೋ ಕೋನದಿಂದಲೋ ಗೊತ್ತಾಗುವುದೇ ಇಲ್ಲ.

ಮೊದಲ ಎರಡು ವಾರ ಮೂಲೆಗೆ ಹೋಗದೆ, 11 ಮೀಟರ್ ದೂರದಿಂದ ನಿಂತ ಬಾಲನ್ನು ದುರ್ಬಲ ಕಾಲಿನಿಂದ ಮಾತ್ರ ಹೊಡೆಯಿರಿ. ಎಲ್ಲರೂ ಹೊಡೆಯುವ ಕಾಲನ್ನು ನೋಡುತ್ತಾರೆ, ಆದರೆ ಶಾಟ್ ನಿರ್ಧಾರವಾಗುವುದು ಊರಿದ ಕಾಲಿನಲ್ಲಿ. ಅದು ಬಾಲಿನ ಪಕ್ಕ ಒಂದು ಗೇಣು ದೂರದಲ್ಲಿ, ಬಾಲಿಗೆ ಸಮನಾಗಿ ಇರಬೇಕು. ಮಂಡಿ ಸ್ವಲ್ಪ ಮಡಿದಿರಬೇಕು. ಹೆಬ್ಬೆರಳಿನ ಬುಡದ ಎಲುಬು ಬಾಲಿನ ಹೊರ ಮಗ್ಗುಲಿಗೆ, ನಡುಗೆರೆಗಿಂತ ತುಸು ಕೆಳಗೆ ತಾಗಬೇಕು. ಬಲಗಾಲಿನಲ್ಲಿ ಹೀಗೆ ಹೊಡೆದರೆ ಬಾಲ್ ಎಡಕ್ಕೆ ಬಾಗುತ್ತದೆ, ಎಡಗಾಲಿನಲ್ಲಿ ಬಲಕ್ಕೆ. ಆದ್ದರಿಂದ ಮೂಲೆಯಿಂದ ಹೊಡೆಯುವಾಗ ಕಣ್ಣಿನ ಗುರಿ ದೂರದ ಪೋಸ್ಟ್‌ನ ಹೊರಗೆ ಸುಮಾರು 1 ಮೀಟರ್ ಆಚೆ ಇರಲಿ. ಪೋಸ್ಟಿಗೇ ಗುರಿಯಿಟ್ಟರೆ ಬಾಗಿದ ಬಾಲ್ ನೇರ ಕೀಪರ್ ಕೈಗೆ ಹೋಗುತ್ತದೆ.

ಬಾಲ್ ಕಂಬಿಯ ಮೇಲೆ ಹಾರುತ್ತಿದ್ದರೆ ಊರಿದ ಕಾಲು ಬಾಲಿಗಿಂತ ಹಿಂದಿದೆ, ಎದೆ ಹಿಂದಕ್ಕೆ ವಾಲಿದೆ. ಬಾಗದೆ ನೇರ ಹೋಗುತ್ತಿದ್ದರೆ ತಾಗಿದ್ದು ಬಾಲಿನ ನಟ್ಟನಡುವೆ. ತಿರುಗಿ ತಿರುಗಿ ಪೋಸ್ಟ್ ತಲುಪುವ ಮೊದಲೇ ಸೋತರೆ ಬಾಲನ್ನು ಸವರಿದ್ದೀರಿ, ಹೊಡೆದಿಲ್ಲ. ಕಾಲು ಬಾಲನ್ನು ದಾಟಿ ಗುರಿಯತ್ತ ಮುಂದುವರಿಯಬೇಕು. ಎಡಗಾಲಿನಲ್ಲಿ ಎಲ್ಲ ಸರಿಯಿದ್ದೂ ಶಕ್ತಿ ಬರದಿದ್ದರೆ ಹೆಚ್ಚಾಗಿ ದೋಷ ಬಲಗಾಲಿನದು: ದೇಹದ ಭಾರ ಹೊತ್ತು ಒಂಟಿಯಾಗಿ ನಿಂತು ಅದಕ್ಕೆ ಅಭ್ಯಾಸವಿಲ್ಲ. ದಿನವೂ ಎರಡೂ ಕಾಲಿನಲ್ಲಿ ಅರ್ಧ ನಿಮಿಷದಂತೆ ಮೂರು ಸಲ ಒಂಟಿಕಾಲಲ್ಲಿ ನಿಲ್ಲಿಸಿ.

ಮೂರನೇ ವಾರದಿಂದ ಉರುಳುವ ಬಾಲ್. ಮೂವರು, ಮೂರು ಬಾಲ್ ಇದ್ದರೆ ಕೆಲಸ ನಡೆಯುತ್ತದೆ: ಒಬ್ಬ ಪಾಸ್ ಕೊಡಲಿ, ಒಬ್ಬ ಹೊಡೆಯಲಿ, ಒಬ್ಬ ಗೋಲಿನ ಹಿಂದೆ ನಿಂತು ಹೆಕ್ಕಲಿ, 10 ಹೊಡೆತಕ್ಕೊಮ್ಮೆ ಬದಲಾಗಲಿ. ಎಡಬದಿಯಲ್ಲಿದ್ದರೆ ಮೊದಲ ಟಚ್ ಒಳಕ್ಕೆ, ಓರೆಯಾಗಿ, ಒಂದು ಹೆಜ್ಜೆಯಷ್ಟು ಮುಂದೆ. ಎರಡನೇ ಟಚ್ ಶಾಟ್. ಮೂರನೇ ಟಚ್ ಬೇಕಾಯಿತೆಂದರೆ ಮೊದಲನೆಯದು ಕೆಟ್ಟಿತ್ತು ಎಂದೇ ಅರ್ಥ, ಆ ಶಾಟ್ ಬಿಟ್ಟು ಮತ್ತೆ ಶುರು ಮಾಡಿ. 2018ರ ವಿಶ್ವಕಪ್‌ನಲ್ಲಿ ಮೆಕ್ಸಿಕೋ ವಿರುದ್ಧ ಸನ್ ಬಾಕ್ಸ್ ಹೊರಗಿನಿಂದ ಎಡಗಾಲಿನಲ್ಲಿ ಬಾಗಿಸಿ ಹೊಡೆದ ಗೋಲನ್ನು ನಿಧಾನ ವೇಗದಲ್ಲಿ ಮಕ್ಕಳಿಗೆ ತೋರಿಸಿ.

ಪಣಂಬೂರು, ಮಲ್ಪೆ ಕಡಲ ತೀರದಲ್ಲಿ ಈ ಶಾಟ್ ಕಲಿಯಬೇಡಿ. ಸಡಿಲ ಮರಳಿನಲ್ಲಿ ಊರಿದ ಕಾಲು ಹೂತು ಎತ್ತರದ ಅಂದಾಜು ತಪ್ಪುತ್ತದೆ. ಇಳಿತದ ಹೊತ್ತಿನ ಗಟ್ಟಿ ಒದ್ದೆ ಮರಳು ಜಗ್ಲಿಂಗಿಗೆ ಬಹಳ ಒಳ್ಳೆಯದು. ವಾಪಸು ಬಂದು ಬಾಲನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಇನ್ನೊಂದು ಮಾತು ಹೆತ್ತವರಿಗೆ. ಸನ್ 16ನೇ ವಯಸ್ಸಿನಲ್ಲಿ ಜರ್ಮನಿಯ ಹ್ಯಾಂಬರ್ಗ್ ಕ್ಲಬ್‌ಗೆ ಹೋದದ್ದು ಕೊರಿಯಾ ಫುಟ್‌ಬಾಲ್ ಸಂಸ್ಥೆಯ ಯೋಜನೆಯಲ್ಲಿ. 2013ರಲ್ಲಿ ಲೆವರ್ಕುಸೆನ್, 2015ರಲ್ಲಿ ಟಾಟನ್‌ಹ್ಯಾಮ್ ಆಮೇಲಿನ ಮೆಟ್ಟಿಲುಗಳು. ಫಿಫಾ ನಿಯಮದ 19ನೇ ವಿಧಿ, ಕೆಲವೇ ವಿನಾಯಿತಿ ಬಿಟ್ಟರೆ, 18 ವರ್ಷದೊಳಗಿನವರ ಅಂತರರಾಷ್ಟ್ರೀಯ ವರ್ಗಾವಣೆಗೆ ಅವಕಾಶ ಕೊಡುವುದಿಲ್ಲ. 15ರ ಹುಡುಗನಿಗೆ ಯುರೋಪಿನ ಕ್ಲಬ್ ಕೊಡಿಸುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ತಿಂಗಳ ಕೊನೆಗೆ ಪರೀಕ್ಷೆ: ಎರಡೂ ಮೂಲೆಯಿಂದ 10ರಂತೆ, ಪಾಸ್ ತೆಗೆದುಕೊಂಡು ಎರಡೇ ಟಚ್‌ನಲ್ಲಿ. ಹಗ್ಗದಾಚೆ ಬಲಗಾಲಿನಲ್ಲಿ 6, ಎಡಗಾಲಿನಲ್ಲಿ 5 ಬಿದ್ದರೆ ಎದುರಿಗೊಬ್ಬ ಡಿಫೆಂಡರ್‌ನನ್ನು ನಿಲ್ಲಿಸಿ. ಎರಡರ ನಡುವೆ 3ಕ್ಕಿಂತ ಹೆಚ್ಚು ಅಂತರವಿದ್ದರೆ ಮುಂದಿನ ತಿಂಗಳು ಬಲಗಾಲಿನ ಹೊಡೆತವನ್ನು 20ಕ್ಕೆ ಇಳಿಸಿ, ಉಳಿದದ್ದನ್ನು ಎಡಗಾಲಿಗೆ ಕೊಡಿ.