ಪ್ರೀಆಂಪ್ ಟ್ಯೂಬ್ ಆರಿಸುವಾಗ ನಾನು ಮೊದಲು ನೋಡುವುದು ಸಾಕೆಟ್ಟನ್ನು

ಗಿಟಾರ್ ಆಂಪ್‌ಗೆ ಪ್ರೀಆಂಪ್ ಟ್ಯೂಬ್ (ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಗಾಜಿನ ವ್ಯಾಕ್ಯೂಮ್ ಟ್ಯೂಬ್) ಕೊಳ್ಳಲು ಹೊರಟವರು ಮೊದಲು ಕೇಳುವುದು "ಯಾವ ಕಂಪನಿಯದು ಒಳ್ಳೇದು?" ಅಂತ. ನನ್ನ ಲೆಕ್ಕದಲ್ಲಿ ಅದು ಮೂರನೆಯ ಪ್ರಶ್ನೆ. ಯಾವ ಸಾಕೆಟ್ಟಿಗೆ ಎಂಬುದು ಮೊದಲನೆಯದು, ಯಾವ ಬಗೆಯ ಟ್ಯೂಬ್ ಎಂಬುದು ಎರಡನೆಯದು. ಇವೆರಡು ಇತ್ಯರ್ಥವಾದರೆ ಕಂಪನಿಯ ಆಯ್ಕೆ ತುಂಬ ಸಲೀಸು.

ಫೆಂಡರ್ ಡಿಲಕ್ಸ್ ರಿವರ್ಬ್ ಇಟ್ಟುಕೊಂಡೇ ಹೇಳುತ್ತೇನೆ. 1963ರಲ್ಲಿ ಬಂದ ಈ ಆಂಪಿನಲ್ಲಿ ಆರು ಪ್ರೀಆಂಪ್ ಟ್ಯೂಬ್‌ಗಳಿವೆ: ನಾಲ್ಕು 12ಎಎಕ್ಸ್7, ಎರಡು 12ಎಟಿ7. ಹಿಂಬದಿಯಿಂದ ನೋಡಿದರೆ ಬಲತುದಿಯದು ವಿ1, ಪವರ್ ಟ್ಯೂಬಿನ ಪಕ್ಕದ್ದು ವಿ6. ವಿ1 ನಾರ್ಮಲ್ ಚಾನೆಲ್‌ನದು, ವಿ2 ವೈಬ್ರಾಟೊ ಚಾನೆಲ್‌ನದು. ವಿ3 ರಿವರ್ಬ್ (ಮಾರ್ದನಿ) ಸ್ಪ್ರಿಂಗನ್ನು ಅಲುಗಾಡಿಸುತ್ತದೆ. ವಿ4ರ ಅರ್ಧ ಭಾಗ ಸ್ಪ್ರಿಂಗಿನಿಂದ ಮರಳಿ ಬರುವ ಸದ್ದನ್ನು ಎತ್ತುತ್ತದೆ, ಇನ್ನರ್ಧ ವೈಬ್ರಾಟೊ ಚಾನೆಲ್‌ನ ಮೂರನೆಯ ಹಂತ. ವಿ5 ಟ್ರೆಮೊಲೊಗೆ, ಅಂದರೆ ಸದ್ದು ಅಲೆಯಂತೆ ಏರಿಳಿಯುವ ಪರಿಣಾಮಕ್ಕೆ. ವಿ6 ಫೇಸ್ ಇನ್ವರ್ಟರ್, ಅಂದರೆ ಎರಡು ಪವರ್ ಟ್ಯೂಬಿಗೆ ಸಿಗ್ನಲನ್ನು ಒಂದಕ್ಕೊಂದು ಉಲ್ಟಾ ಮಾಡಿ ಹಂಚುವುದು.

ನೀವು ಗಿಟಾರ್ ಸಿಕ್ಕಿಸುವುದು ವೈಬ್ರಾಟೊ ಚಾನೆಲ್‌ಗೆ ಎಂದಾದರೆ ನಿಮ್ಮ ಪಾಲಿಗೆ ಮೊದಲ ಟ್ಯೂಬ್ ವಿ2, ವಿ1 ಅಲ್ಲ. "ವಿ1 ಬದಲಾಯಿಸಿದೆ, ಏನೂ ವ್ಯತ್ಯಾಸ ಕೇಳಲಿಲ್ಲ" ಎನ್ನುವವರ ದೂರಿಗೆ ಬಹುಮಟ್ಟಿಗೆ ಇದೇ ಕಾರಣ. ಮೊದಲ ಹಂತದ ಟ್ಯೂಬಿನ ಗುಣವನ್ನೂ ಗಲಾಟೆಯನ್ನೂ ಮುಂದಿನ ಹಂತಗಳೆಲ್ಲ ಹಿಗ್ಗಿಸುತ್ತ ಹೋಗುತ್ತವೆ. ಆದ್ದರಿಂದ ಹಣ, ಸಮಯ ಎರಡನ್ನೂ ಅಲ್ಲೇ ಹಾಕಬೇಕು.

ಇನ್ನು ಬಗೆ. ಡೇಟಾಶೀಟ್‌ನಲ್ಲಿ 12ಎಎಕ್ಸ್7ರ ಆಂಪ್ಲಿಫಿಕೇಷನ್ ಫ್ಯಾಕ್ಟರ್ (ಟ್ಯೂಬ್ ಸಿಗ್ನಲನ್ನು ಹೆಚ್ಚೆಂದರೆ ಎಷ್ಟು ಪಟ್ಟು ಹಿಗ್ಗಿಸಬಲ್ಲದು ಎಂಬ ಅಂಕಿ) 100, 5751ರದು 70, 12ಎಟಿ7ರದು 60, 12ಎವೈ7ರದು 44, 12ಎಯು7ರದು 20ರ ಆಸುಪಾಸು. ಇದನ್ನೇ ನೋಡಿ "12ಎಟಿ7 ಹಾಕಿದರೆ ಗೇನ್ ಶೇಕಡ 40 ಇಳಿಯುತ್ತದೆ" ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಾಗುವುದಿಲ್ಲ. ಹಂತದ ನಿಜವಾದ ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು, ತಿಳಿಯಲು ಆ ಫ್ಯಾಕ್ಟರನ್ನು ಪ್ಲೇಟ್ ರೆಸಿಸ್ಟರಿನಿಂದ (ಟ್ಯೂಬಿನೊಳಗಿನ ಪ್ಲೇಟ್ ಎಂಬ ತಗಡಿಗೆ ಜೋಡಿಸಿದ ರೆಸಿಸ್ಟರ್) ಗುಣಿಸಿ, ಪ್ಲೇಟ್ ರೆಸಿಸ್ಟರ್ ಮತ್ತು ಟ್ಯೂಬಿನ ಒಳ ರೆಸಿಸ್ಟೆನ್ಸ್‌ಗಳ ಮೊತ್ತದಿಂದ ಭಾಗಿಸಬೇಕು. ಫೆಂಡರ್‌ನಲ್ಲಿ ಪ್ಲೇಟ್ ರೆಸಿಸ್ಟರ್ 100 ಕಿಲೋ ಓಮ್. 12ಎಎಕ್ಸ್7ರ ಒಳ ರೆಸಿಸ್ಟೆನ್ಸ್ ಸುಮಾರು 62 ಕಿಲೋ ಓಮ್, ಹಾಗಾಗಿ ಗೇನ್ 61ರ ಹತ್ತಿರ. 12ಎಟಿ7ರ ಒಳ ರೆಸಿಸ್ಟೆನ್ಸ್ ಇಂಥ ಕಡಿಮೆ ಕರೆಂಟ್‌ನಲ್ಲೂ 20 ಕಿಲೋ ಓಮ್ ಸುತ್ತಮುತ್ತಲೇ ಇರುವುದರಿಂದ ಗೇನ್ 50 ಉಳಿಯುತ್ತದೆ. ಇಳಿದದ್ದು 2 ಡೆಸಿಬೆಲ್ ಕೂಡ ಇಲ್ಲ. 5751ಕ್ಕೆ 44 ಬರುತ್ತದೆ, ಅಂದರೆ 3 ಡೆಸಿಬೆಲ್ ಕಮ್ಮಿ. 12ಎವೈ7ಕ್ಕೆ 35, ಸುಮಾರು 5 ಡೆಸಿಬೆಲ್ ಕಮ್ಮಿ. 12ಎಯು7 ಹಾಕಿದರೆ 12 ಡೆಸಿಬೆಲ್‌ನಷ್ಟು ಬಿದ್ದು ಆಂಪಿನ ಜೀವವೇ ಹೋದಂತಾಗುತ್ತದೆ.

ಈ ಕಾರಣಕ್ಕೆ ಮೊದಲ ಹಂತದಲ್ಲಿ ಗೇನ್ ತಗ್ಗಿಸಬೇಕೆಂದರೆ ನಾನು ಹಾಕುವುದು 5751 ಅಥವಾ 12ಎವೈ7. ಹಂಬಕರ್ ಪಿಕಪ್ ಇರುವ ಗಿಟಾರಿಗೆ 12ಎವೈ7 ಹಾಕಿದಾಗ ವಾಲ್ಯೂಮ್ ಗುಂಡಿ ನಿಧಾನವಾಗಿ ಏರುತ್ತದೆ, ಸದ್ದು ಒಡೆಯುವ ಜಾಗ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಸಿಂಗಲ್ ಕಾಯಿಲ್ ಗಿಟಾರಿಗೆ 5751 ಸಾಕು. 12ಎಟಿ7 ಅಲ್ಲಿ ನನಗೆ ಹಿಡಿಸುವುದಿಲ್ಲ. ಟ್ಯೂಬಿನ ಕರೆಂಟ್ ನಿಗದಿ ಮಾಡುವ 1.5 ಕಿಲೋ ಓಮ್ ಕ್ಯಾಥೋಡ್ ರೆಸಿಸ್ಟರ್ ಆ ಟ್ಯೂಬಿಗೆಂದು ಇಟ್ಟದ್ದಲ್ಲ, ಸದ್ದು ಒರಟಾಗಿ, ತೆಳ್ಳಗೆ ಬರುತ್ತದೆ.

ಇದೇ ಒಂಬತ್ತು ಪಿನ್ನಿನ ಸಾಕೆಟ್ಟಿಗೆ ಕೂರುವ ಎಲ್ಲ ಟ್ಯೂಬೂ ಇಲ್ಲಿಗೆ ಹೊಂದುವುದಿಲ್ಲ. ಇಸಿಸಿ88 ಎಂಬ ಟ್ಯೂಬಿನ ಹೀಟರ್ (ಒಳಗೆ ಕಾಯುವ ತಂತಿ) ಸಂಪರ್ಕವೇ ಬೇರೆ, ಅದನ್ನು ಸಿಕ್ಕಿಸಬೇಡಿ. 12ಬಿಎಚ್7ರ ಪಿನ್‌ಗಳು ಸರಿಹೊಂದುತ್ತವೆ, ಆದರೆ ಹೀಟರಿಗೆ 600 ಮಿಲಿಆಂಪಿಯರ್ ಬೇಡುತ್ತದೆ. 12ಎಎಕ್ಸ್7ರದು 300. ನಾಲ್ಕಾರು ಹಾಕಿದರೆ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ.

ಕಂಪನಿಯ ಮಾತು. ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಮರುಳಾಗಬಾರದು. ಟಂಗ್-ಸಾಲ್, ಸೋವ್‌ಟೆಕ್, ಎಲೆಕ್ಟ್ರೊ-ಹಾರ್ಮೊನಿಕ್ಸ್, ಈಗಿನ ಮುಲ್ಲಾರ್ಡ್ ಇವೆಲ್ಲ ರಷ್ಯದ ಸರಾತೊವ್‌ನ ಒಂದೇ ಕಾರ್ಖಾನೆಯ ಮಾಲು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ತಯಾರಾಗುತ್ತಿದ್ದ ಹಳೆಯ ಮುಲ್ಲಾರ್ಡ್ ಬೇರೆ. ಜೆಜೆ ಸ್ಲೊವಾಕಿಯದ್ದು. ಅದರ ಇಸಿಸಿ83ಎಸ್‌ನ (12ಎಎಕ್ಸ್7ಗೆ ಯುರೋಪಿನ ಹೆಸರು ಇಸಿಸಿ83) ಪ್ಲೇಟ್ ಗಿಡ್ಡ, ತುಸು ಮಂದ ಸ್ವರ, ಕಂಪನ ತಡೆಯುವ ಗುಣ ಚೆನ್ನಾಗಿದೆ. ಸ್ಪೀಕರ್ ಅದೇ ಪೆಟ್ಟಿಗೆಯಲ್ಲಿರುವ ಕಾಂಬೊ ಆಂಪ್‌ಗೆ ಇಂಥ ಗಿಡ್ಡ ಪ್ಲೇಟಿನ ಟ್ಯೂಬೇ ಕ್ಷೇಮ. ಉದ್ದ ಪ್ಲೇಟಿನವು ಸ್ಪೀಕರಿನ ಅದುರಿಗೆ ಬೇಗ ಮೈಕ್ರೊಫೋನಿಕ್ ಆಗುತ್ತವೆ, ಅಂದರೆ ಆ ಅದುರನ್ನೇ ಸದ್ದಾಗಿ ಹಿಡಿಯತೊಡಗುತ್ತವೆ. ಆಂಪ್ ನಿಮ್ಮ ಕಿವಿಗೆ ಚುಚ್ಚುತ್ತಿದ್ದರೆ ಜೆಜೆ, ಮಂಕಾಗಿದ್ದರೆ ಟಂಗ್-ಸಾಲ್, ಅಷ್ಟರಿಂದ ಶುರು ಮಾಡಿ.

ಎರಡು ಟ್ಯೂಬ್ ಹೋಲಿಸುವಾಗ ಕೈಯಾರೆ ನುಡಿಸುತ್ತ ಕೂರಬಾರದು. ಒಂದೊಂದು ಸಲ ಬೆರಳಿನ ಒತ್ತಡ ಒಂದೊಂದು ಥರ. ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಲೂಪರ್ ಪೆಡಲ್‌ನಲ್ಲಿ ಅರ್ಧ ನಿಮಿಷ ನುಡಿಸಿ ಹಿಡಿದಿಡಿ: ಸ್ವಲ್ಪ ಒಂಟಿ ಸ್ವರ, ಸ್ವಲ್ಪ ತುಂಬು ಕಾರ್ಡ್, ಕೊನೆಗೆ ನಾಲ್ಕು ಸೆಕೆಂಡ್ ಮೌನ. ಅದನ್ನೇ ಪ್ರತಿ ಟ್ಯೂಬಿಗೂ ಕೊಡಿ. ಆ ಮೌನದಲ್ಲಿ ಸುಯ್ ಎನ್ನುವ ಹಿಸ್ ಎಷ್ಟಿದೆ ಎಂದು ಗೊತ್ತಾಗುತ್ತದೆ. ಮೊಬೈಲ್‌ನ ಸೌಂಡ್ ಮೀಟರ್ ಆಪನ್ನು ಒಂದೇ ಜಾಗದಲ್ಲಿಟ್ಟು, ವಾಲ್ಯೂಮನ್ನು ಪ್ರತಿ ಸಲವೂ ಅದೇ ಅಂಕಿಗೆ ತನ್ನಿ. ಇಲ್ಲವಾದರೆ ಜೋರಾಗಿರುವುದೇ ಚೆನ್ನಾಗಿದೆ ಎನಿಸಿಬಿಡುತ್ತದೆ. 3 ಡೆಸಿಬೆಲ್ ವ್ಯತ್ಯಾಸ ತೀರ್ಪು ಕೆಡಿಸಲು ಧಾರಾಳ ಸಾಕು.

ಬದಲಾಯಿಸುವಾಗ ಪವರ್ ಆಫ್ ಮಾಡಿ, ಗಾಜು ಆರುವವರೆಗೆ ಕಾಯಬೇಕು. ತಗಡಿನ ಶೀಲ್ಡನ್ನು ಒತ್ತಿ ಎಡಕ್ಕೆ ತಿರುಗಿಸಿದರೆ ಬಿಡುತ್ತದೆ. ಟ್ಯೂಬನ್ನು ಸಣ್ಣ ವೃತ್ತದಲ್ಲಿ ಅಲುಗಿಸುತ್ತ ನೇರ ಎಳೆಯಿರಿ. ಪಕ್ಕಕ್ಕೆ ಬಾಗಿಸಿದರೆ ಪಿನ್ನಿನ ಬುಡದಲ್ಲಿ ಗಾಜು ಬಿರುಕು ಬಿಟ್ಟು ಗಾಳಿ ಒಳಹೋಗುತ್ತದೆ. ಆಗ ಒಳಗಿನ ಬೆಳ್ಳಿ ಬಣ್ಣದ ಕಲೆ ಹಾಲಿನಂತೆ ಬಿಳುಚಿಕೊಳ್ಳುತ್ತದೆ, ಆ ಟ್ಯೂಬ್ ಮುಗಿಯಿತು.

ಹೊಸ ಟ್ಯೂಬ್ ಹತ್ತು ನಿಮಿಷ ಕಾದ ಮೇಲೆ ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿ ನೋಡಿ. ಮೊದಲ ಹಂತದ್ದು ಸ್ವಲ್ಪ ಟಕ್ ಎನ್ನುವುದು ಸಹಜ. ಠಣ್ ಎಂದು ಎಳೆದುಕೊಂಡು ಮೊಳಗಿದರೆ ಅದು ಮೈಕ್ರೊಫೋನಿಕ್. ಅದನ್ನು ಎಸೆಯಬೇಡಿ, ವಿ5ಕ್ಕೆ ಹಾಕಿ. ಟ್ರೆಮೊಲೊ ಸರ್ಕ್ಯೂಟ್ ಒಂದು ನಿಯಾನ್ ದೀಪವನ್ನು ಮಿಣುಕಿಸುವುದಷ್ಟೇ, ನಿಮ್ಮ ಗಿಟಾರ್ ಸದ್ದು ಅದರ ಮೂಲಕ ಹಾಯುವುದಿಲ್ಲ. ಆದರೆ ಗೇನ್ ಬಿದ್ದುಹೋದ ಮುದಿ ಟ್ಯೂಬ್ ಅಲ್ಲಿ ನಡೆಯದು, ಟ್ರೆಮೊಲೊ ಶುರುವೇ ಆಗುವುದಿಲ್ಲ.

ಗಲಾಟೆ ಇದ್ದರೆ ಟ್ಯೂಬನ್ನೇ ದೂರುವ ಮೊದಲು ಅದನ್ನು ಬೇರೆ ಸಾಕೆಟ್ಟಿನ ಟ್ಯೂಬಿನ ಜತೆ ಅದಲುಬದಲು ಮಾಡಿ. ಗಲಾಟೆಯ ಬಗೆ ಬದಲಾಗದಿದ್ದರೆ ತೊಂದರೆ ಸಾಕೆಟ್ಟಿನದು ಅಥವಾ ಪ್ಲೇಟ್ ರೆಸಿಸ್ಟರಿನದು. ಹಳೆಯ ಆಂಪ್‌ಗಳಲ್ಲಿ ಕಾರ್ಬನ್ ರೆಸಿಸ್ಟರ್ ಚಟಪಟ ಎನ್ನುವುದು ಮಾಮೂಲು. ಕರಾವಳಿಯ ತೇವದಲ್ಲಿ ಸಾಕೆಟ್ ಕಿಲುಬು ಹಿಡಿಯುತ್ತದೆ. ಪಿನ್ನಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ, ಪವರ್ ಇಲ್ಲದಾಗ ನಾಲ್ಕೈದು ಸಲ ಹಾಕಿ ತೆಗೆದರೆ ಬಹಳಷ್ಟು ಸಲ ಅಲ್ಲಿಗೇ ಸರಿಹೋಗುತ್ತದೆ.

ಆಂಪಿನ ಎರಡು 12ಎಟಿ7 ಇರುವುದು ವಿ3, ವಿ6ರಲ್ಲಿ. ವಿ3ರಲ್ಲಿ ಪ್ಲೇಟ್ ವೋಲ್ಟೇಜ್ 400 ದಾಟುತ್ತದೆ, 12ಎಟಿ7ರ ಡೇಟಾಶೀಟ್ ಮಿತಿ 300. ಹಾಗಾಗಿ ಅಲ್ಲಿ ಗಟ್ಟಿಮುಟ್ಟಾದ ಟ್ಯೂಬ್ ಬೇಕು, ದುಬಾರಿಯದಲ್ಲ. ರಿವರ್ಬ್ ಗುಂಡಿ 3 ದಾಟಿದೊಡನೆ ಮಿತಿಮೀರುತ್ತದೆ ಎನ್ನುವವರು ಅಲ್ಲಿ 12ಎಯು7 ಹಾಕಿ ನೋಡಲಿ. ವಿ6ಕ್ಕೆ ಮಾತ್ರ ಎರಡೂ ಅರ್ಧ ಸಮನಾಗಿರುವ, ಬ್ಯಾಲೆನ್ಸ್ಡ್ ಎಂದು ಪರೀಕ್ಷಿಸಿ ಮಾರುವ 12ಎಟಿ7 ತರಿಸುತ್ತೇನೆ. ಬೇರೆಲ್ಲೂ ಅದಕ್ಕೆ ಹೆಚ್ಚು ಹಣ ಕೊಡುವುದು ದಂಡ.

ಒಂದು ಮಾತು ಮೇನ್ಸ್ ಬಗ್ಗೆ. ನಮ್ಮಲ್ಲಿ ರಾತ್ರಿ ಹೊತ್ತು 230 ಇರಬೇಕಾದದ್ದು 250 ಆಗುವುದುಂಟು. ಆಗ 6.3 ವೋಲ್ಟಿನ ಹೀಟರಿಗೆ 6.85 ಬೀಳುತ್ತದೆ, ಸಾಮಾನ್ಯವಾಗಿ ಒಪ್ಪುವ ಶೇಕಡ 10ರ ಮಿತಿಯ ಅಂಚು. ಅಂಥ ಕಡೆ ಒಳ್ಳೆಯ ಟ್ಯೂಬ್ ಕೊಳ್ಳುವ ಮೊದಲು ಒಂದು ಸ್ಟೆಬಿಲೈಸರ್ ಕೊಳ್ಳಿ.